ಟ್ರಿಮ್ ಹಿಡಿದ ಮೇಲೆ ಲ್ಯಾಂಡಿಂಗ್ ಕೈಗೆ ಬಂತು

ಕಳೆದ ಇಪ್ಪತ್ತು ಲ್ಯಾಂಡಿಂಗ್‌ಗಳಲ್ಲಿ ಹದಿನಾರೋ ಹದಿನೇಳೋ ಅಂದುಕೊಂಡ ಜಾಗದಲ್ಲೇ ಇಳಿದಿವೆ. ಟ್ರಿಮ್ ಅಂದರೆ ವಿಮಾನದೊಳಗಿನ ಒಂದು ಪುಟ್ಟ ಚಕ್ರ; ಸರಿಯಾಗಿ ತಿರುಗಿಸಿಟ್ಟರೆ ಕೈಬಲವಿಲ್ಲದೆ ವಿಮಾನ ಒಂದೇ ವೇಗ ಹಿಡಿದಿರುತ್ತದೆ. 'ಟ್ರಿಮ್ ತಿರುಗಿಸಿದರೆ ಲ್ಯಾಂಡಿಂಗ್ ಬರುತ್ತಾ?' ಎಂದು ಕೇಳಿದವರನ್ನು ಪಕ್ಕದಲ್ಲೇ ಕೂರಿಸಿಕೊಂಡು ತೋರಿಸಿದ್ದೇನೆ.

ನಾನು ಹಾರಿಸುವುದು ಸೆಸ್ನಾ 172 ಎಂಬ ಸಣ್ಣ ವಿಮಾನ. ಸೋಲೋಗೆ (ಮೊದಲ ಒಂಟಿ ಹಾರಾಟಕ್ಕೆ) ಮುಂಚೆ ಸರ್ಕ್ಯೂಟ್‌ಗಳಿಗೇ (ಎದ್ದು, ಸುತ್ತಿ ಬಂದು, ಮತ್ತೆ ಇಳಿಯುವ ಅಭ್ಯಾಸ) ಹನ್ನೆರಡು ಗಂಟೆಯ ಬಾಡಿಗೆ ಜಾಸ್ತಿ ಸುರಿದೆ. ಭಯಕ್ಕೆ 65ರ ಬದಲು 75 ನಾಟ್ ವೇಗ ಇಟ್ಟುಕೊಂಡು ಬರುತ್ತಿದ್ದೆ. ನೆಲದ ಹತ್ತಿರ ವಿಮಾನ ತೇಲುತ್ತಲೇ ಇರುತ್ತಿತ್ತು. ತಾಳ್ಮೆ ಕೆಟ್ಟು ಮೂಗು ಒತ್ತಿದರೆ ಪುಟಿಯುತ್ತಿತ್ತು. ಒಮ್ಮೆ ಎರಡು ಸಲ ಪುಟಿದ ಮೇಲೆ ಫುಲ್ ಪವರ್ ಕೊಟ್ಟು ಮೇಲೆದ್ದೆ. ಮೂಗಿನ ಚಕ್ರದ ತಪಾಸಣೆಗೆ ನಾಲ್ಕು ಗಂಟೆ ಹಾರಾಟದಷ್ಟು ದುಡ್ಡು ಹೋಯಿತು.

ಕಾರಣ ತಿಳಿದದ್ದು ಕೈನೋವಿನಿಂದ. ಇಳಿದ ಮೇಲೆ ಎಡಗೈ ಮಣಿಕಟ್ಟು ಸೆಳೆಯುತ್ತಿತ್ತು. ಅಂದರೆ ಫೈನಲ್ (ರನ್‌ವೇಗೆ ನೇರವಾಗಿ ಬರುವ ಕೊನೆಯ ಹಾದಿ) ಉದ್ದಕ್ಕೂ, ಟ್ರಿಮ್ ಮಾಡದೆ, ಯೋಕ್ (ವಿಮಾನದ ಮೂಗು ಏರಿಸಿ ಇಳಿಸುವ ಹಿಡಿ) ಜೊತೆ ಗುದ್ದಾಡುತ್ತಿದ್ದೆ, ಅಲ್ವಾ?

ಈಗ ಬೇಸ್‌ನಲ್ಲಿ (ಫೈನಲ್‌ಗೆ ತಿರುಗುವ ಮುಂಚಿನ ಅಡ್ಡ ಹಾದಿ) 70ಕ್ಕೆ ಟ್ರಿಮ್ ಮಾಡುತ್ತೇನೆ. ಫೈನಲ್‌ನಲ್ಲಿ ಫ್ಲಾಪ್ (ರೆಕ್ಕೆಯ ಹಿಂಬದಿಯ ಹಲಗೆ) ಕೊನೆಯ ಹಂತಕ್ಕೆ ಇಳಿಸಿದಾಗ ಮೂಗು ಮೇಲೇಳುತ್ತದೆ. ಅದನ್ನು ತಡೆದು, 65ಕ್ಕೆ ಮತ್ತೆ ಟ್ರಿಮ್. ಎರಡೇ ಬೆರಳಲ್ಲಿ ಹಿಡಿದರೂ ವೇಗದ ಮುಳ್ಳು ಅಲ್ಲೇ ನಿಲ್ಲಬೇಕು. ಆಮೇಲೆ ರನ್‌ವೇ ನಂಬರ್ ಮೇಲೆ ಕಣ್ಣು. ಅದು ಗಾಜಿನಲ್ಲಿ ಮೇಲಕ್ಕೆ ಸರಿದರೆ ತಗ್ಗಿದ್ದೇವೆ, ಚೂರು ಪವರ್ ಕೊಡಬೇಕು. ಕೆಳಕ್ಕೆ ಜಾರಿದರೆ ಪವರ್ ತೆಗೆಯಬೇಕು. ಗಾಳಿ ಇಲ್ಲದ ದಿನ ನಿಮಿಷಕ್ಕೆ 350 ಅಡಿ ಆಸುಪಾಸು ಇಳಿಯುತ್ತದೆ. ಒಂದು ಎಚ್ಚರ: ಈ ಟ್ರಿಮ್‌ನಲ್ಲಿ ಗೋ ಅರೌಂಡ್ (ಇಳಿಯದೆ ಫುಲ್ ಪವರ್ ಕೊಟ್ಟು ಮತ್ತೆ ಮೇಲೇರುವುದು) ಮಾಡಿದರೆ ಮೂಗು ಜೋರಾಗಿ ಏಳುತ್ತದೆ. ಯೋಕ್ ಗಟ್ಟಿಯಾಗಿ ಮುಂದಕ್ಕೆ ತಳ್ಳಿ.

ನಡುವೆ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಚುಕ್ಕಿ ಇಟ್ಟು ನೋಡಿದೆ. ಸೀಟು ಒಂದು ಬೆರಳು ತಗ್ಗಿದರೂ ಚುಕ್ಕಿ ಸುಳ್ಳು ಹೇಳುತ್ತದೆ, ಒರೆಸಿಬಿಟ್ಟೆ. ಆದರೆ ಅದರಿಂದ ಸೀಟಿನ ಎತ್ತರ ಎಷ್ಟು ಮುಖ್ಯ ಎಂದು ಗೊತ್ತಾಯಿತು. ಈಗ ದಿನಾ ಒಂದೇ ದಿಂಬು. ಇನ್ನೊಂದು ಪ್ರಯೋಗ ಫಲ ಕೊಟ್ಟಿತು. ಇನ್‌ಸ್ಟ್ರಕ್ಟರ್ ಜೊತೆ ಉದ್ದದ ರನ್‌ವೇ ಮೇಲೆ ಐದಾರು ಅಡಿ ಎತ್ತರದಲ್ಲಿ, ಪವರ್ ಇಟ್ಟುಕೊಂಡು, ಇಳಿಯದೆ ಹಾರಿದೆವು. ಕಣ್ಣು ರನ್‌ವೇಯ ಆ ತುದಿಯಲ್ಲಿ. ಮೂವತ್ತು ಲ್ಯಾಂಡಿಂಗ್ ಕಲಿಸದ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಮೆಲ್ಲಗೆ ಎತ್ತುವುದು) ಅನ್ನು ಆ ಆರು ಸುತ್ತು ಕಲಿಸಿದವು.

ಥ್ರಾಟಲ್ ಪೂರ್ತಿ ಎಳೆಯುವ ಹೊತ್ತಿಗೆ ನನ್ನದೊಂದು ಗುರುತಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಮೊನ್ನೆ ಗಾಳಿ 12 ನಾಟ್, ನಡುನಡುವೆ ಬೀಸು 20. ಹೆಚ್ಚುವರಿ ಎಂಟರ ಅರ್ಧವನ್ನು 65ಕ್ಕೆ ಸೇರಿಸಿ 69ರಲ್ಲಿ ಬಂದೆ. ಸ್ಟಾಲ್ ಹಾರ್ನ್ (ವೇಗ ತೀರಾ ತಗ್ಗಿದಾಗ ಎಚ್ಚರಿಸುವ ಹಾರ್ನ್) ಸಣ್ಣಗೆ ಕೂಗಿತು. ಹಿಂದಿನ ಚಕ್ರಗಳು 'ಕಿಚ್' ಎಂದವು. ಮೂಗಿನ ಚಕ್ರ ಇನ್ನೂ ಗಾಳಿಯಲ್ಲೇ ಇತ್ತು.