ಗೆದ್ದಲಿನ ಕಿಣ್ವಕ್ಕೆ ಹರಳು ಕಟ್ಟಿಸಿದ್ದು

ಹದಿನಾಲ್ಕನೇ ದಿನ ಸೂಕ್ಷ್ಮದರ್ಶಕದಡಿ ಥಳಥಳಿಸುವ ಹರಳೊಂದು ಕಂಡಾಗ ಪಕ್ಕದ ಮೇಜಿನವರನ್ನೆಲ್ಲ ಕರೆದೆ. ಕಿಣ್ವವೆಂಬ ಪ್ರೋಟೀನಿನ ರಚನೆಯನ್ನು ಎಕ್ಸ್‌ರೇಯಿಂದ ನೋಡಬೇಕಾದರೆ ಮೊದಲು ಅದಕ್ಕೆ ಹರಳು ಕಟ್ಟಿಸಬೇಕು. ಸೂಜಿಯ ಮೊನೆಯಿಂದ ಒತ್ತಿದ್ದೇ ತಡ, ಟಕ್ಕೆಂದು ಎರಡು ಹೋಳಾಯಿತು. ಪ್ರೋಟೀನಿನ ಹರಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಮುಟ್ಟಿದರೆ ಮೆತ್ತಗೆ ಪುಡಿಯಾಗಬೇಕು. ಹೀಗೆ ಸಿಡಿದರೆ ಅದು ಉಪ್ಪು. ಈ ಕಿಣ್ವ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆಂದು ಓದಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿದ್ದವನು ನಾನೇ. ಬಫರಿನಲ್ಲಿ (ಪಿಎಚ್ ಕಾಯುವ ದ್ರಾವಣ) ಫಾಸ್ಫೇಟ್ ಇದ್ದದ್ದನ್ನು ಮರೆತವನೂ ನಾನೇ. ಎರಡೂ ಸೇರಿ ಉಪ್ಪಿನ ಹರಳಾಗಿದ್ದವು. ಬಂದವರು ನಗುತ್ತಾ ಹೋದರು. ನಾನು ಫಾಸ್ಫೇಟ್ ಇಲ್ಲದ ಟ್ರಿಸ್ ಬಫರಿಗೆ ಬದಲಾದೆ.

ಗೆದ್ದಲು ಮರವನ್ನು ಅರಗಿಸಿಕೊಳ್ಳುವುದು ಅದರ ಕರುಳಿನ ಏಕಕೋಶ ಜೀವಿಗಳ ಕೃಪೆಯಿಂದ ಎಂದೇ ಬಹುಕಾಲ ನಂಬಿದ್ದರು. ರೆಟಿಕ್ಯುಲಿಟರ್ಮಿಸ್ ಸ್ಪೆರಾಟಸ್ ಎಂಬ ಗೆದ್ದಲಿಗೆ ತನ್ನದೇ ಸೆಲ್ಯುಲೇಸ್ (ಮರದ ಸೆಲ್ಯುಲೋಸನ್ನು ಒಡೆಯುವ ಕಿಣ್ವ) ಜೀನ್ ಇದೆಯೆಂದು 1998ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. 2002ರಲ್ಲಿ ನಾಸುಟಿಟರ್ಮಿಸ್ ಟಕಸಾಗೊಯೆನ್ಸಿಸ್ ಎಂಬ ಇನ್ನೊಂದು ಗೆದ್ದಲಿನ ಎಂಡೋಗ್ಲುಕನೇಸ್‌ನ (ಇದೂ ಒಂದು ಸೆಲ್ಯುಲೇಸ್) ರಚನೆ 1.4 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ, ಅಂದರೆ ಪರಮಾಣುಗಳ ಅಳತೆಯಲ್ಲಿ, ಪ್ರಕಟವಾಯಿತು. ನನ್ನ ಕಿಣ್ವ ಅದರ ದಾಯಾದಿ. ಅದಕ್ಕೆ ಹರಳು ಬಂದಿದ್ದರೆ ಇದಕ್ಕೂ ಬರುತ್ತದೆ ಎಂದುಕೊಂಡಿದ್ದೆ. ದಾಯಾದಿಗಳ ಸ್ವಭಾವ ಗೊತ್ತಿದ್ದೂ ಹಾಗೆಣಿಸಬಾರದಿತ್ತು.

ಜೀನನ್ನು ಸೇರಿಸಿದ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಾದ ಪ್ರೋಟೀನು ಕರಗದೆ ಗಂಟುಕಟ್ಟಿತು. ಪಿಚಿಯಾ ಯೀಸ್ಟ್ ಕೈಹಿಡಿಯಿತು. ಶುದ್ಧೀಕರಿಸಿ, ಮಿಲಿಲೀಟರಿಗೆ 10 ಮಿಲಿಗ್ರಾಂನಂತೆ ಸಾಂದ್ರಗೊಳಿಸಿದೆ.

ಇನ್ನು ಹರಳು ಕಟ್ಟಿಸುವ ತೂಗುಹನಿ ವಿಧಾನ. 24 ಗುಳಿಗಳ ತಟ್ಟೆ, ಅಂಚಿಗೆ ಗ್ರೀಸ್. ಗಾಜಿನ ತುಣುಕಿನ ಮೇಲೆ ಒಂದು ಮೈಕ್ರೋಲೀಟರ್ ಪ್ರೋಟೀನು, ಅಷ್ಟೇ ಗುಳಿಯ ದ್ರಾವಣ. ಬೋರಲು ಹಾಕಿ ಮುಚ್ಚಬೇಕು. ಹನಿಯಿಂದ ನೀರು ನಿಧಾನವಾಗಿ ಗುಳಿಗೆ ಇಳಿಯುತ್ತದೆ. ಗುಳಿಯಲ್ಲಿ ಶೇ. 20ರ ಪಿಇಜಿ 3350 (ಪ್ರೋಟೀನನ್ನು ದ್ರಾವಣದಿಂದ ಹೊರದಬ್ಬುವ ಪಾಲಿಮರ್) ಇಟ್ಟಾಗ ನನಗೆ ಸಿಕ್ಕಿದ್ದು ದತ್ತೂರಿ ಕಾಯಿಯಂತೆ ಸುತ್ತಲೂ ಮುಳ್ಳೆದ್ದ ಸೂಜಿಗಳ ಗೊಂಚಲು. ಪ್ರೋಟೀನೇನೋ ಹೌದು, ಎಕ್ಸ್‌ರೇಗೆ ಪ್ರಯೋಜನವಿಲ್ಲ. ಎರಡು ತಿಂಗಳು ಪಿಎಚ್ ಬದಲಿಸುತ್ತಾ, ಬಗೆಬಗೆಯ ಲವಣ ಸೇರಿಸುತ್ತಾ ಕಳೆದೆ. ಪಿಇಜಿ ಕಡಿಮೆ ಮಾಡಿದರೆ ಹನಿ ಸ್ವಚ್ಛವಾಗಿ ಖಾಲಿ ಉಳಿಯುತ್ತಿತ್ತು. ಆ ಖಾಲಿ ಹನಿಗಳನ್ನು ಸೋಲೆಂದು ಎಸೆಯುತ್ತಿದ್ದೆ. ಬೇಕಾಗಿದ್ದದ್ದು ಅವೇ.

ಹೊಸ ಹರಳು ತಾನಾಗಿ ಹುಟ್ಟಲಾರದ, ಆದರೆ ಬೀಜ ಬಿದ್ದರೆ ಬೆಳೆಯಬಲ್ಲ ಸ್ಥಿತಿ ಅದು. ಮನೆಯ ಬೆಕ್ಕು ಉದುರಿಸಿದ್ದ ಮೀಸೆಯ ಕೂದಲೊಂದನ್ನು ತಂದೆ (ಇದು ಹಳೆಯ ಉಪಾಯ, ನನ್ನ ಕಲ್ಪನೆಯಲ್ಲ). ಮದ್ಯಸಾರದಲ್ಲಿ ಒರೆಸಿ, ಸೂಜಿಗೊಂಚಲಿಗೆ ಸವರಿ, ಶೇ. 14ರ ಪಿಇಜಿಯ ಖಾಲಿ ಹನಿಯಲ್ಲಿ ಉದ್ದಕ್ಕೆ ಒಂದೇ ಗೆರೆ ಎಳೆದೆ. ನಾಲ್ಕನೇ ದಿನ ಆ ಗೆರೆಯುದ್ದಕ್ಕೂ ಸಾಲು ದೀಪದಂತೆ ಪುಟ್ಟ ಹರಳುಗಳು ನಿಂತಿದ್ದವು. ಒಂದಕ್ಕೆ ಸೂಜಿ ತಾಗಿಸಿದೆ, ಮೆತ್ತಗೆ ಕುಸಿಯಿತು. ಈ ಸಲ ಯಾರನ್ನೂ ಕರೆಯಲಿಲ್ಲ.

ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನ ಪ್ರಬಲ ಎಕ್ಸ್‌ರೇ ಕಿರಣದಲ್ಲಿ ಮೊದಲ ಎರಡು ಹರಳುಗಳು ಮಂಜುಗಡ್ಡೆಯ ಉಂಗುರಗಳನ್ನಷ್ಟೇ ತೋರಿಸಿದವು. ದ್ರವ ಸಾರಜನಕಕ್ಕೆ ಅದ್ದುವ ಮೊದಲು ಮಂಜುಗಡ್ಡೆ ಕಟ್ಟದಿರಲೆಂದು ಹಾಕಿದ್ದ ಗ್ಲಿಸರಾಲ್ ಸಾಲದಾಗಿತ್ತು. ಶೇ. 25ಕ್ಕೆ ಏರಿಸಿದ ಮೇಲೆ ಹರಳು ಚದುರಿಸಿದ ಎಕ್ಸ್‌ರೇಯ ಚುಕ್ಕಿಗಳು ಬಂದವು. 2002ರ ರಚನೆಯನ್ನೇ ಅಚ್ಚಾಗಿಟ್ಟುಕೊಂಡು ಆ ಚುಕ್ಕಿಗಳಿಂದ ನನ್ನ ಕಿಣ್ವದ ನಕ್ಷೆ ಬಿಡಿಸಿದೆ. ಈಗ ಸೆಲ್ಲೊಬಯೋಸ್‌ನಲ್ಲಿ (ಸೆಲ್ಯುಲೋಸ್ ಒಡೆದಾಗ ಬರುವ ಸಕ್ಕರೆ) ನೆನೆಸಿದರೆ ಹರಳು ಬಿರುಕು ಬಿಡುತ್ತಿದೆ. ಬೆಕ್ಕಿನ ಇನ್ನೊಂದು ಮೀಸೆ ಡಬ್ಬಿಯಲ್ಲಿದೆ.