ಪಾಲಕರ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ

ಪಾಲಕರ ಸಭೆಗೆ ಹೋದಾಗ "ನಮ್ಮ ಮಗಳು ಹೇಗೆ ಓದ್ತಾಳೆ?" ಅಂತ ಕೇಳಬೇಡಿ, "ಈಗ ಅವಳಿಗೆ ಎಲ್ಲಿ ಕಷ್ಟ ಆಗ್ತಿದೆ, ಮನೆಯಲ್ಲಿ ದಿನಾ ಹತ್ತು ನಿಮಿಷ ಏನು ಮಾಡಿಸಲಿ?" ಅಂತ ಕೇಳಿ. ಮೊದಲ ಪ್ರಶ್ನೆಗೆ "ಪರವಾಗಿಲ್ಲ, ಇನ್ನೂ ಸ್ವಲ್ಪ ಗಮನ ಕೊಡಿ" ಅನ್ನೋ ಉತ್ತರವೇ ಬರೋದು, ಅದನ್ನಿಟ್ಟುಕೊಂಡು ಮನೆಯಲ್ಲಿ ಏನು ಮಾಡೋದು, ಅಲ್ವಾ? ಎರಡನೆಯದಕ್ಕೆ ಅಕ್ಕೋರು (ಟೀಚರ್) ನೋಟ್‌ಬುಕ್ ತೆಗೆದು ತೋರಿಸುತ್ತಾರೆ. ಸರ್ಕಾರಿ ಶಾಲೆಯ 1ರಿಂದ 3ನೇ ತರಗತಿಯ ನಲಿಕಲಿಯಲ್ಲಂತೂ (ಚಟುವಟಿಕೆ ಮಾಡಿಸುತ್ತಾ ಕಲಿಸುವ ಪದ್ಧತಿ) ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ, ಅಂದರೆ ಕಲಿಕೆಯ ಯಾವ ಹಂತದಲ್ಲಿದೆ ಅಂತ ಅವರಿಗೆ ಗೊತ್ತೇ ಇರುತ್ತದೆ. ಒತ್ತಕ್ಷರ ತಪ್ಪುತ್ತಿದೆ ಅಂದರೆ ಅಂಗಡಿ ಚೀಟಿಯನ್ನು ಮಗಳ ಕೈಯಲ್ಲೇ ಬರೆಸಿ: ಅಕ್ಕಿ, ಬೆಲ್ಲ, ಕೊಬ್ಬರಿ ಎಣ್ಣೆ, ಎಲ್ಲದರಲ್ಲೂ ಒತ್ತಕ್ಷರ ಇದೆ. ಅಪ್ಪ ಅಮ್ಮ ಜಾಸ್ತಿ ಓದಿರಬೇಕು ಅಂತೇನೂ ಇಲ್ಲ. ಆದರೆ ಎಲ್ಲ ಪಾಲಕರೂ ಸುತ್ತ ನಿಂತಿರುವಾಗ ಇದನ್ನು ಕೇಳಿದರೆ ಸರಿಯಾದ ಉತ್ತರ ಸಿಗೋದಿಲ್ಲ, ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಹೋದರೂ ಅಷ್ಟೇ, ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ. ಕಾರವಾರ, ಅಂಕೋಲಾ ಕಡೆ ಬೋಟಿಗೆ ಹೋಗುವ ಅಪ್ಪಂದಿರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುತ್ತದೆ, ಶಾಲೆ ಶುರುವಾಗುವ ಸಮಯವೂ ಅದೇ, ಆಗ ನೀವೇ ಒಮ್ಮೆ ಹೋಗಿ ಬನ್ನಿ. ಶಿರಸಿ ಕಡೆ ಅಡಿಕೆ ಕೊಯ್ಲಿನ ನಡುವೆ ಸಭೆ ಇಟ್ಟರೆ ದಿನ ಬದಲಿಸಿ ಅಂತ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಧೈರ್ಯವಾಗಿ ಹೇಳಿ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಈ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು.