ಅವ್ವನ ಫೋನು, ನನ್ನ ವೈಫೈ

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಸಂಜೆ ಏಳರ ಮೇಲೆ ವೈಫೈ ಸತ್ತೇ ಹೋಗುತ್ತಿತ್ತು. ನನಗೆ ಆಫೀಸಿನ ವಿಡಿಯೋ ಮೀಟಿಂಗ್ ಇರುವುದೂ ಅದೇ ಹೊತ್ತಿಗೆ. ನೆಟ್ ಕಂಪನಿಗೆ ಮೂರು ಸಲ ಕಂಪ್ಲೇಂಟ್ ಕೊಟ್ಟೆ. ಅವರ ಹುಡುಗ ಬರುವುದು ಮಧ್ಯಾಹ್ನ. ಆಗ ಎಲ್ಲ ಸರಿಯೇ ಇರುತ್ತಿತ್ತು.

ಕೊನೆಗೆ ಒಂದು ಸಂಜೆ ನಾನೇ ಕೂತೆ. ಲ್ಯಾಪ್‌ಟಾಪಿನಿಂದ ನಮ್ಮ ರೌಟರಿಗೇ, ಅಂದರೆ 192.168.1.1ಕ್ಕೆ, ಬಿಡದೆ ಪಿಂಗ್ ಹಚ್ಚಿಟ್ಟೆ. ಪಿಂಗ್ ಅಂದರೆ ‘ಇದ್ದೀಯಾ?’ ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಎಣಿಸುವುದು. ಹೊರಗಿನ ವೆಬ್‌ಸೈಟಿಗೆ ಪಿಂಗ್ ಮಾಡಿದರೆ ತೊಂದರೆ ಕಂಪನಿಯ ಲೈನಿನದೋ ಮನೆಯೊಳಗಿನದೋ ತಿಳಿಯುವುದಿಲ್ಲ. 3, 4 ಮಿಲಿಸೆಕೆಂಡ್ ಅಂತ ಸಾಲಾಗಿ ಬರುತ್ತಿತ್ತು. ಅಡುಗೆಮನೆಯಲ್ಲಿ ಅವ್ವ "ಹಲೋ, ಏನ ಮಾಡಾಕತ್ತೀಯವಾ?" ಅಂದಳು. ಸಂಖ್ಯೆ 400 ದಾಟಿತು. ಆಮೇಲೆ ಬರೀ ‘ರಿಕ್ವೆಸ್ಟ್ ಟೈಮ್ಡ್ ಔಟ್’, ಅಂದರೆ ಉತ್ತರವೇ ಇಲ್ಲ. ಇಳಕಲ್ಲಿನ ಚಿಗವ್ವನ ಜೊತೆ ಅರ್ಧ ತಾಸು ಮಾತಾಡಿ ಅವ್ವ ಫೋನಿಟ್ಟಳು. ಮತ್ತೆ 3, 4.

ಕಾರ್ಡ್‌ಲೆಸ್ ಫೋನಿನ ಸ್ಟ್ಯಾಂಡ್ ತಿರುಗಿಸಿ ನೋಡಿದೆ. ತಳದಲ್ಲೇ ಬರೆದಿತ್ತು: 2.4 ಗಿಗಾಹರ್ಟ್ಸ್. ನಮ್ಮ ವೈಫೈ ಓಡುತ್ತಿದ್ದದ್ದೂ ಅದೇ ರೇಡಿಯೋ ಅಲೆಗಳ ಪಟ್ಟಿಯಲ್ಲೇ. ಮೇಲಾಗಿ ಎರಡನ್ನೂ ಒಂದೇ ಸ್ಟೂಲಿನ ಮೇಲೆ ಗೇಣು ಅಂತರದಲ್ಲಿ ಇಟ್ಟವನು ನಾನೇ. ಪ್ಲಗ್ ಅಲ್ಲೇ ಇತ್ತು, ಮತ್ತೇನು!

ಮೊದಲು ಚಾನೆಲ್, ಅಂದರೆ ಆ ಪಟ್ಟಿಯಲ್ಲಿ ವೈಫೈ ಕೂರುವ ಜಾಗ, ಬದಲಿಸಿದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಅಂದರೆ 1, 6, 11. ಮೂರನ್ನೂ ನೋಡಿದ್ದಾಯಿತು, ಸುಮ್ನೆ ಒಂದು ಸಂಜೆ ಹಾಳು. ಪಕ್ಕದ ಮನೆಯ ವೈಫೈ ಅಡ್ಡ ಬರುತ್ತಿದ್ದರೆ ಇದು ಕೆಲಸ ಮಾಡುತ್ತದೆ, ಯಾಕಂದ್ರೆ ಅದು ಒಂದು ಕಡೆ ಕೂತಿರುತ್ತದೆ. ಈ ಥರದ ಫೋನು ಕೂರುವುದೇ ಇಲ್ಲ. ಮಾತು ನಡೆದಷ್ಟು ಹೊತ್ತೂ ಸೆಕೆಂಡಿಗೆ ಎಷ್ಟೋ ಸಲ ಆ ಪಟ್ಟಿಯ ತುಂಬ ಜಿಗಿಯುತ್ತ ಇರುತ್ತದೆ. ನಾವು ಎಲ್ಲಿ ಹೋದರೂ ಅಲ್ಲಿಗೆ ಬಂದೇ ಬರುತ್ತದೆ.

ಹಳೆಯ ವೈರಿನ ಫೋನ್ ಹಚ್ಚುತ್ತೇನೆ ಅಂದೆ. "ಮತ್ತ ರೊಟ್ಟಿ ನೀ ಬಡೀತೀಯೇನು?" ಅಂದಳು ಅವ್ವ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುವುದು ಅವಳ ರೂಢಿ. ಆ ಮಾತು ಅಲ್ಲಿಗೇ ಬಿಟ್ಟೆ.

ಉದ್ದನೆಯ ಟೆಲಿಫೋನ್ ವೈರ್ ತಂದು ಸ್ಟ್ಯಾಂಡನ್ನು ಅಡುಗೆಮನೆ ಕಟ್ಟೆಯ ಹತ್ತಿರ ಒಯ್ದೆ. ಅಷ್ಟಕ್ಕೇ ಅರ್ಧ ಕಾಟ ಕಡಿಮೆಯಾಯಿತು. ಆಮೇಲೆ ರೌಟರಿನಲ್ಲಿ 5 ಗಿಗಾಹರ್ಟ್ಸ್ ಆನ್ ಮಾಡಿದೆ. ಅದಕ್ಕೂ ಫೋನಿಗೂ ಸಂಬಂಧವೇ ಇಲ್ಲ. ಆದರೆ ಇಲ್ಲಿ ಒಂದು ದಿನ ಮೋಸ ಹೋದೆ. 2.4, 5 ಎರಡೂ ವೈಫೈಗೆ ಒಂದೇ ಹೆಸರಿದ್ದದ್ದರಿಂದ ಲ್ಯಾಪ್‌ಟಾಪು ನನಗೆ ಹೇಳದೆ ಕೇಳದೆ 2.4ಕ್ಕೇ ಜಾರುತ್ತಿತ್ತು. 5ಕ್ಕೆ ಬೇರೆ ಹೆಸರು ಕೊಟ್ಟು, ಹಳೆಯದನ್ನು ಮರೆಯಲು ಲ್ಯಾಪ್‌ಟಾಪಿಗೆ ಹೇಳಿದ ಮೇಲೆ ಮೀಟಿಂಗ್ ನಿಂತಿಲ್ಲ. 5 ಗೋಡೆ ದಾಟುವುದರಲ್ಲಿ ಸೋಮಾರಿ. ಹಿಂದಿನ ಕೋಣೆಯಲ್ಲಿ ಸಿಗುವುದೇ ಕಷ್ಟ. ಅದಕ್ಕೆ ನನ್ನ ಮೇಜೇ ಪಡಸಾಲೆಗೆ ಬಂತು.

ಟೀವಿ ಹಳೆಯದು, ಅದಕ್ಕೆ 2.4 ಬಿಟ್ಟರೆ ಗತಿಯಿಲ್ಲ. ಅವ್ವ ಫೋನಿನಲ್ಲಿದ್ದಾಗ ಧಾರಾವಾಹಿ ಈಗಲೂ ಆಗಾಗ ನಿಂತು ನಿಂತು ಬರುತ್ತದೆ. ಆದರೆ ಆ ಧಾರಾವಾಹಿ ನೋಡುವವಳೂ ಅವ್ವನೇ ಅಲ್ವಾ.